ಗಿಡದ ಕೋಶದ ಮೆಕ್ಯಾನಿಕ್ಸ್ ಲ್ಯಾಬಲ್ಲಿ ಇರೋರು ಹೇಳಿ: ನೀವು ನಿಜವಾಗ್ಲೂ ಅಳೆಯೋದು ಏನು?

ಹೊಸಚಿಗುರು:
ಎಲ್ರಿಗೂ ನಮಸ್ಕಾರ. ನಾನು ಮೆಕ್ಯಾನಿಕಲ್ ಓದಿದೋನು, ಬಯಾಲಜಿನ ಹೈಸ್ಕೂಲಲ್ಲೇ ಕೈ ಬಿಟ್ಟಿದ್ದೆ. ಈಗ ಗಿಡದ ಕೋಶಗಳ ಮೆಕ್ಯಾನಿಕ್ಸ್ ಮೇಲೆ ಕೆಲಸ ಮಾಡೋ ಒಂದು ಲ್ಯಾಬಲ್ಲಿ ಪಿಎಚ್‌ಡಿಗೆ ಜಾಗ ಸಿಗೋ ಹಂಗಿದೆ, ಗೈಡ್ ಕೊಟ್ಟ ಪೇಪರ್‌ಗಳನ್ನ ಓದ್ತಾ ಕೂತಿದೀನಿ. ಒಂದು ವಿಷಯ ತಲೆ ತಿಂತಾ ಇದೆ. ಒಂದು ಪೇಪರಲ್ಲಿ ಸೆಲ್ ವಾಲ್‌ನ (ಕೋಶದ ಗೋಡೆಯ) ಯಂಗ್ಸ್ ಮಾಡ್ಯುಲಸ್, ಅಂದ್ರೆ ಹಿಗ್ಗಿಸೋಕೆ ಎಷ್ಟು ಬಿಗಿ ಅನ್ನೋ ಅಳತೆ, 1 ಮೆಗಾಪಾಸ್ಕಲ್‌ಗಿಂತಲೂ ಕಮ್ಮಿ ಅಂತಾರೆ, ಇನ್ನೊಂದ್ರಲ್ಲಿ ನೂರಾರು ಮೆಗಾಪಾಸ್ಕಲ್. ಉಕ್ಕಿನ ಲೆಕ್ಕ ಹಿಂಗೆ ನೂರು ಪಟ್ಟು ಆಚೆ ಈಚೆ ಆದ್ರೆ ನಾವು ಸೇತುವೆ ಕಟ್ಟೋದು ಬಿಟ್ಟು ಊರು ಬಿಡ್ಬೇಕಾಗತ್ತೆ. ಇವ್ರು ಅದನ್ನ ಆರಾಮಾಗಿ ಬಾರ್ ಗ್ರಾಫ್ ಹಾಕಿ ಸ್ಟಾರ್ ಗುರುತು ಕೊಟ್ಟು ಮುಂದೆ ಹೋಗ್ತಾರೆ. ಇಲ್ಲಿ ಈ ಫೀಲ್ಡಲ್ಲಿ ಇರೋರು ಯಾರಾದ್ರೂ ಇದ್ರೆ ಹೇಳಿ, ಆ ನಂಬರ್‌ಗಳಿಗೆ ಅರ್ಥ ಇದ್ಯಾ, ದಿನದ ಕೆಲಸ ಹೆಂಗಿರತ್ತೆ, ಬಯಾಲಜಿ ಗೊತ್ತಿಲ್ಲದೋನು ಅಲ್ಲಿ ಉಳೀತಾನಾ ಇಲ್ವಾ.

ಎಲೆಮರೆಕಾಯಿ:
ಈ ಫೀಲ್ಡಲ್ಲಿ ಪೋಸ್ಟ್‌ಡಾಕ್ ನಾನು. ನಿಮ್ಮ ಅನುಮಾನ ಸರಿಯಾಗೇ ಇದೆ, ಅದನ್ನ ಬಿಡ್ಬೇಡಿ, ಆದ್ರೆ ನಂಬರ್‌ಗಿಂತ ಮುಂಚೆ ವಸ್ತು ಏನು ಅಂತ ನೋಡಿ.

ಗಿಡದ ಕೋಶದ ಒಳಗೆ ನೀರಿನ ಒತ್ತಡ ಇರತ್ತೆ, ಟರ್ಗರ್ ಅಂತೀವಿ, ಸಾಮಾನ್ಯವಾಗಿ 0.3 ರಿಂದ 1 ಮೆಗಾಪಾಸ್ಕಲ್. ಕಾರ್ ಟೈರಲ್ಲಿ ಇರೋದು ಹತ್ತಿರ ಹತ್ತಿರ 0.2. ಅಂದ್ರೆ ಒಂದು ಎಳೇ ಎಲೆ ಮುಟ್ಟಿದಾಗ ಕಾರ್ ಟೈರ್‌ಗಿಂತ ಜಾಸ್ತಿ ಗಾಳಿ ತುಂಬಿರೋ ಸಾವಿರಾರು ಪುಟಾಣಿ ಟೈರ್‌ಗಳನ್ನ ಮುಟ್ಟಿದ ಹಾಗೆ. ಇದನ್ನ ತಡ್ಕೊಂಡಿರೋದು ಒಂದು ಮೈಕ್ರೋಮೀಟರ್‌ಗಿಂತ ತೆಳ್ಳಗಿರೋ ಗೋಡೆ. ನೀವು ಮೆಕ್ಯಾನಿಕಲ್ ಅಲ್ವಾ, ಪ್ರೆಶರ್ ವೆಸಲ್ ಫಾರ್ಮುಲಾ ಹಾಕಿ: ಒತ್ತಡ 0.5 ಮೆಗಾಪಾಸ್ಕಲ್, ತ್ರಿಜ್ಯ 10 ಮೈಕ್ರೋಮೀಟರ್, ಗೋಡೆ 0.2 ಮೈಕ್ರೋಮೀಟರ್ ಅಂದ್ಕೊಂಡ್ರೆ ಸುತ್ತಳತೆ ದಿಕ್ಕಲ್ಲಿ ಸ್ಟ್ರೆಸ್ 25 ಮೆಗಾಪಾಸ್ಕಲ್, ಉದ್ದ ದಿಕ್ಕಲ್ಲಿ ಅದರ ಅರ್ಧ.

ಈಗ ಇಲ್ಲೇ ತಮಾಷೆ ಶುರು. ಸುತ್ತಳತೆ ದಿಕ್ಕಲ್ಲಿ ಎರಡು ಪಟ್ಟು ಎಳೆತ ಇದ್ರೆ ಆ ಸಿಲಿಂಡರ್ ದಪ್ಪ ಆಗ್ಬೇಕು ತಾನೆ? ಕಾಂಡದ ಕೋಶ ದಪ್ಪ ಆಗಲ್ಲ, ಉದ್ದ ಆಗತ್ತೆ. ಯಾಕಂದ್ರೆ ಗೋಡೆಯ ಸೆಲ್ಯುಲೋಸ್ ಎಳೆಗಳು, ಒಂದೊಂದೂ ಸುಮಾರು 3 ನ್ಯಾನೋಮೀಟರ್ ದಪ್ಪ, ಅಡ್ಡಕ್ಕೆ ಸುತ್ಕೊಂಡಿರತ್ತೆ. ಆ ಎಳೆಗಳನ್ನ ಅಡ್ಡಕ್ಕೆ ಹಾಕೋರು ಯಾರು ಅನ್ನೋದು ದೊಡ್ಡ ಪ್ರಶ್ನೆ ಆಗಿತ್ತು. ಪಾಲ್ ಗ್ರೀನ್ 1962ರಲ್ಲಿ ನಿಟೆಲ್ಲ ಅನ್ನೋ ಪಾಚಿಗೆ ಕಾಲ್ಚಿಸಿನ್ ಅನ್ನೋ ರಾಸಾಯನಿಕ ಕೊಟ್ಟು ನೋಡಿದ್ರು. ಅದರ ಒಂದೊಂದು ಕೋಶನೂ ಸೆಂಟಿಮೀಟರ್‌ಗಟ್ಟಲೆ ಉದ್ದ ಇರತ್ತೆ, ಕಣ್ಣಿಗೇ ಕಾಣ್ಸತ್ತೆ. ಕಾಲ್ಚಿಸಿನ್ ಕೊಟ್ಟಾಗ ಉದ್ದ ಬೆಳೀಬೇಕಿದ್ದ ಕೋಶ ದಿಕ್ಕು ತಪ್ಪಿ ಉಬ್ಬಿಕೊಳ್ತು. ಕಾಲ್ಚಿಸಿನ್ ಕೋಶ ವಿಭಜನೆಯ ಸ್ಪಿಂಡಲ್‌ನ, ಅಂದ್ರೆ ಕ್ರೋಮೋಸೋಮ್ ಎಳೆಯೋ ನಾರುಗಳನ್ನ, ಕೆಡಿಸತ್ತೆ ಅಂತ ಗೊತ್ತಿತ್ತು, ಹಂಗಾಗಿ ಗೋಡೆ ಹತ್ರನೂ ಅದೇ ಥರದ ನಾರು ಇರ್ಬೇಕು ಅಂತ ಅವ್ರು ಊಹೆ ಮಾಡಿದ್ರು. ಮಾರನೇ ವರ್ಷನೇ, 1963ರಲ್ಲಿ, ಲೆಡ್‌ಬೆಟರ್ ಮತ್ತೆ ಪೋರ್ಟರ್ ಎಲೆಕ್ಟ್ರಾನ್ ಮೈಕ್ರೋಸ್ಕೋಪಲ್ಲಿ ಆ ನಾರುಗಳನ್ನ, ಅಂದ್ರೆ ಮೈಕ್ರೋಟ್ಯೂಬ್ಯೂಲ್ ಅನ್ನೋ ಪ್ರೋಟೀನ್ ಕೊಳವೆಗಳನ್ನ, ತೋರಿಸಿದ್ರು. ಸೆಲ್ಯುಲೋಸ್ ನೇಯೋ ಎಂಜೈಮ್‌ಗಳು ಆ ಮೈಕ್ರೋಟ್ಯೂಬ್ಯೂಲ್ ಹಳಿ ಹಿಡ್ಕೊಂಡು ಹೋಗೋದನ್ನ ಜೀವಂತ ಕೋಶದಲ್ಲೇ ನೋಡೋಕೆ 2006 ಬರ್ಬೇಕಾಯ್ತು. ನಲವತ್ತು ವರ್ಷ ಮುಂಚೆ ಬರೀ ಆಕಾರ ನೋಡಿ ಹೇಳಿದ ಮಾತು ಅದು. ನನ್ನನ್ನ ಈ ಫೀಲ್ಡಿಗೆ ಎಳೆದಿದ್ದು ಇದೇ ಕಥೆ.

ಸಮೀಕರಣಪ್ರಿಯ:
ಮೇಲಿನವರು ಸ್ಟ್ರೆಸ್ ಹೇಳಿದ್ರು, ಬೆಳವಣಿಗೆ ಹೇಳ್ಲಿಲ್ಲ. ಜೇಮ್ಸ್ ಲಾಕ್‌ಹಾರ್ಟ್ 1965ರಲ್ಲಿ ಬರೆದ ಸಮೀಕರಣ ಒಂದಿದೆ, ಇಡೀ ಫೀಲ್ಡು ಅದರ ಮೇಲೆ ನಿಂತಿದೆ ಅಂದ್ರೂ ತಪ್ಪಿಲ್ಲ: ಬೆಳವಣಿಗೆಯ ವೇಗ = ಫೈ × (ಟರ್ಗರ್ − ವೈ). ವೈ ಅಂದ್ರೆ ಹೊಸ್ತಿಲು, ಟರ್ಗರ್ ಅದನ್ನ ದಾಟೋವರೆಗೂ ಗೋಡೆ ಬರೀ ಸ್ಥಿತಿಸ್ಥಾಪಕವಾಗಿ ಹಿಗ್ಗತ್ತೆ, ಒತ್ತಡ ಬಿಟ್ರೆ ವಾಪಸ್ ಬರತ್ತೆ. ದಾಟಿದ ಮೇಲೆ ಗೋಡೆ ದ್ರವದ ಥರ ನಿಧಾನಕ್ಕೆ ಹರೀತಾ ಹೋಗತ್ತೆ, ಆ ಹಿಗ್ಗು ವಾಪಸ್ ಬರಲ್ಲ, ಅದೇ ಬೆಳವಣಿಗೆ. ಎಷ್ಟು ಸಲೀಸಾಗಿ ಹರಿಯತ್ತೆ ಅನ್ನೋದು ಫೈ. ಇದರ ಜೊತೆ ನೀರು ಒಳಗೆ ಬರೋದಕ್ಕೆ ಇನ್ನೊಂದು ಸಮೀಕರಣ, ಎರಡೂ ಸೇರಿಸಿ ಬಿಡಿಸ್ಬೇಕು. ನಿಮ್ಮ ಭಾಷೇಲಿ ಹೇಳೋದಾದ್ರೆ ಬಿಂಗ್‌ಹ್ಯಾಮ್ ದ್ರವ ನೆನಪಿಸ್ಕೊಳ್ಳಿ, ಅಷ್ಟೇ. ಆಮೇಲೆ ಒರ್ಟೆಗಾ 1985ರಲ್ಲಿ ಸ್ಥಿತಿಸ್ಥಾಪಕ ಭಾಗನೂ ಸೇರಿಸಿದ್ರು.

ನನ್ನ ತಕರಾರು ಏನಂದ್ರೆ ಆ ಫೈ ಅನ್ನೋದು ಒಂದೇ ಅಕ್ಷರ, ಬಯಾಲಜಿ ಪೂರ್ತಿ ಅದರೊಳಗೆ ತುರುಕಿದಾರೆ. ದಿಕ್ಕು ಇಲ್ಲ, ಜಾಗದಿಂದ ಜಾಗಕ್ಕೆ ಆಗೋ ವ್ಯತ್ಯಾಸ ಇಲ್ಲ. ಆದ್ರೂ ಅಷ್ಟು ಸಣ್ಣ ಸಮೀಕರಣ ಅಷ್ಟು ಡೇಟಾನ ಹಿಡಿಯತ್ತೆ ಅನ್ನೋದು ನನಗೆ ಇವತ್ತಿಗೂ ಆಶ್ಚರ್ಯವೇ.

ಹೊಸಚಿಗುರು:
ಥ್ಯಾಂಕ್ಸ್ ಇಬ್ರಿಗೂ. ಆದ್ರೆ ಒಂದು ನಿಮಿಷ. ಬೆಳವಣಿಗೆ ಅಂದ್ರೆ ವಾಪಸ್ ಬರದ ಹಿಗ್ಗು ಅಂತೀರ. ಹಾಗಾದ್ರೆ ಎಎಫ್‌ಎಂ (ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್) ಸೂಜೀಲಿ ಒತ್ತಿ ಯಂಗ್ಸ್ ಮಾಡ್ಯುಲಸ್ ತಗೊಂಡ್ರೆ ಅದು ವಾಪಸ್ ಬರೋ ಹಿಗ್ಗಿನ ಲೆಕ್ಕ ಆಯ್ತಲ್ಲ? ಬೆಳವಣಿಗೆ ತಿಳ್ಕೊಳ್ಳೋಕೆ ಹೊರಟು ಬೇರೆ ಏನನ್ನೋ ಅಳೀತಿದಾರಾ?

ಗೋಡೆಹುಳ:
ಇದು ನೋಡ್ರಿ ಪ್ರಶ್ನೆ ಅಂದ್ರ. ನಾ ಬಯೋಕೆಮಿಸ್ಟ್ರಿ ಕಡೆಯಾಂವ, ಆ ಫೈ ಒಳಗ ಏನೈತಿ ಅನ್ನೂದ ನಮ್ಮ ಹೊಟ್ಟಿಪಾಡು.

ಕಾಸ್‌ಗ್ರೋವ್ ಅವರ ಲ್ಯಾಬಿನ ಹಳೇ ಪ್ರಯೋಗ ಕೇಳ್ರಿ. ಸೌತಿ ಸಸಿಯ ಎಳೀ ಕಾಂಡದ ತುಂಡು ತಗೊಂಡು, ಫ್ರೀಜ್ ಮಾಡಿ, ಕರಗಿಸಿ, ತೂಕ ಇಟ್ಟು ಒಳಗಿನ ರಸ ಹಿಂಡಿ ತಗೀತಾರ. ಕೋಶ ಸತ್ತು ಹೋಗಿರ್ತದ, ಟರ್ಗರ್ ಇಲ್ಲ, ಬರೇ ಗೋಡಿ ಉಳಿದಿರ್ತದ. ಅದನ್ನ ಎರಡು ಕ್ಲ್ಯಾಂಪ್ ನಡುವ ಹಿಡಿದು ಒಂದೇ ಸಮನ ಭಾರ ಹಾಕ್ತಾರ. ಪಿಎಚ್ 7ರ ಹತ್ರ ಇದ್ದಾಗ ಒಂಚೂರು ಹಿಗ್ಗಿ ನಿಂತು ಬಿಡ್ತದ. ದ್ರಾವಣ ಬದಲಿಸಿ ಪಿಎಚ್ 4.5 ಮಾಡಿದ್ರ, ಸತ್ತ ಗೋಡಿ ಮತ್ತ ಹಿಗ್ಗಾಕ ಚಾಲೂ ಮಾಡ್ತದ, ತಾಸುಗಟ್ಟಲೆ ಹಿಗ್ಗತದ! ಗೋಡಿನ ಮೊದಲ ಕುದಿಸಿ ಬಿಟ್ರ ಹಿಗ್ಗಂಗಿಲ್ಲ. ಕುದಿಸಿದ ಗೋಡಿಗೆ ಎಳೀ ಕಾಂಡದಿಂದ ತಗದ ಪ್ರೋಟೀನ್ ಹಾಕಿದ್ರ ಮತ್ತ ಹಿಗ್ಗತದ. ಹಿಂಗ ಹಿಡಿದ ಪ್ರೋಟೀನು ಎಕ್ಸ್‌ಪ್ಯಾನ್ಸಿನ್, ಪೇಪರ್ ಬಂದಿದ್ದು 1992ರಾಗ. ಅದು ಗೋಡಿಯ ಯಾವ ಸರಪಳಿನೂ ಕತ್ತರಿಸಂಗಿಲ್ಲ, ಸೆಲ್ಯುಲೋಸ್ ಎಳಿಗಳು ಒಂದಕ್ಕೊಂದು ಅಂಟಿಕೊಂಡ ಜಾಗ ಸಡಿಲ ಮಾಡ್ತದ ಅಂತ ತಿಳುವಳಿಕಿ.

ಈಗ ನಿಮ್ಮ ಪ್ರಶ್ನೆಗೆ ಬರ್ತೇನಿ. ಈರುಳ್ಳಿ ಪದರದ ಗೋಡಿಗೆ ಎಕ್ಸ್‌ಪ್ಯಾನ್ಸಿನ್ ಹಾಕಿದ್ರ ಅದು ಹರೀತದ, ಆದ್ರ ಮಾಡ್ಯುಲಸ್ ಇಳಿಯಂಗಿಲ್ಲ. ಪೆಕ್ಟಿನ್ (ಗೋಡಿಯೊಳಗಿನ ಜೆಲ್‌ನಂಥ ವಸ್ತು) ಕತ್ತರಿಸೋ ಎಂಜೈಮ್ ಹಾಕಿದ್ರ ಗೋಡಿ ಮೆತ್ತಗ ಆಗ್ತದ, ಸೂಜಿ ಒತ್ತಿದ್ರ ಆಳಕ್ಕ ಹೋಗ್ತದ, ಆದ್ರ ಹರಿಯಂಗಿಲ್ಲ. ಮೆತ್ತಗ ಆಗೂದು ಬ್ಯಾರೆ, ಸಡಿಲ ಆಗೂದು ಬ್ಯಾರೆ. ಎಎಫ್‌ಎಂ ಮಂದಿ ಇದನ್ನ ಕೇಳಿದ್ರ ಮುಖ ಆಕಡೆ ತಿರುಗಿಸ್ತಾರ.

ಎಲೆಮರೆಕಾಯಿ:
ಮುಖ ತಿರುಗಿಸಲ್ಲ ಸಾಹೇಬ್ರೇ, ಇಲ್ಲೇ ಇದೀನಿ. ನೀವು ಹೇಳಿದ್ದು ಈರುಳ್ಳಿ ಮಟ್ಟಿಗೆ ನೂರಕ್ಕೆ ನೂರು ಒಪ್ತೀನಿ. ಆದ್ರೆ ಚಿಗುರು ತುದಿಯ ಮೆರಿಸ್ಟೆಮಲ್ಲಿ, ಅಂದ್ರೆ ಹೊಸ ಕೋಶ ಹುಟ್ಟೋ ಜಾಗದಲ್ಲಿ, ಹೊಸ ಹೂವಿನ ಮೊಗ್ಗು ಏಳೋಕೆ ಮುಂಚೆ ಆ ಜಾಗ ಮೆತ್ತಗಾಗತ್ತೆ ಅಂತ 2011ರಲ್ಲಿ ಎಎಫ್‌ಎಂಲೇ ತೋರಿಸಿದ್ದು, ಪೆಕ್ಟಿನ್‌ನ ಮೀಥೈಲ್ ಗುಂಪು ತೆಗೆಯೋ ಎಂಜೈಮನ್ನ ತಡೆದ್ರೆ ಮೊಗ್ಗೇ ಏಳಲ್ಲ. ಅಂದ್ರೆ ಮೆತ್ತಗಾಗೋದಕ್ಕೂ ಬೆಳೆಯೋದಕ್ಕೂ ಅಲ್ಲಿ ಸಂಬಂಧ ಇದೆ. ಕಾರಣವೋ ಜೊತೆಗಾರನೋ ಅಂತ ಕೇಳಿದ್ರೆ ಅಲ್ಲಿ ನಾನೂ ಸುಮ್ನಾಗ್ತೀನಿ.

ಇನ್ನೊಂದು ಗೋಜಲು ಇದೆ, ಹೊಸಚಿಗುರು ಅವ್ರಿಗೆ ಈಗ್ಲೇ ಹೇಳ್ಬಿಡೋದು ಒಳ್ಳೇದು. ಅದೇ ಎಂಜೈಮು ಪರಾಗ ನಳಿಕೇಲಿ ಉಲ್ಟಾ ಕೆಲಸ ಮಾಡತ್ತೆ. ನಳಿಕೆ ತುದೀಲಿ ಮಾತ್ರ ಬೆಳೆಯೋದು, ಅಲ್ಲಿ ಮೀಥೈಲ್ ಇರೋ ಮೆತ್ತನೆ ಪೆಕ್ಟಿನ್ ಬಂದು ಸೇರತ್ತೆ, ತುದಿಯಿಂದ ಹಿಂದೆ ಸರೀತಾ ಮೀಥೈಲ್ ಕಳ್ಕೊಂಡು ಕ್ಯಾಲ್ಸಿಯಂ ಜೊತೆ ಕೊಂಡಿ ಹಾಕ್ಕೊಂಡು ಗಟ್ಟಿ ಆಗತ್ತೆ. ಒಂದೇ ರಾಸಾಯನಿಕ ಬದಲಾವಣೆ, ಒಂದು ಕಡೆ ಮೆದು, ಇನ್ನೊಂದು ಕಡೆ ಗಟ್ಟಿ. ಕ್ಯಾಲ್ಸಿಯಂ ಎಷ್ಟಿದೆ, ಮೀಥೈಲ್ ಸಾಲಾಗಿ ಹೋಯ್ತಾ ಅಲ್ಲಲ್ಲಿ ಹೋಯ್ತಾ, ಪಿಎಚ್ ಎಷ್ಟು, ಇದೆಲ್ಲಾ ಗೊತ್ತಿಲ್ದೆ ಜೀನ್ ಹೆಸರು ಓದಿ ಗೋಡೆ ಗಟ್ಟಿನೋ ಮೆದುವೋ ಅಂತ ಹೇಳೋಕಾಗಲ್ಲ.

ಸೂಜಿಮೊನೆ:
ಎಎಫ್‌ಎಂ ನಡೆಸೋನು ನಾನೇ, ಹಾಗಾಗಿ ಆ ನಂಬರ್‌ಗಳ ಪಾಪ ನನ್ನ ತಲೆ ಮೇಲೂ ಇದೆ. ನೂರು ಪಟ್ಟು ವ್ಯತ್ಯಾಸ ಯಾಕೆ ಅಂತ ಮೊದ್ಲು ಹೇಳಿ ಬಿಡ್ತೀನಿ. ಈರುಳ್ಳಿ ಪದರ ಕ್ಲ್ಯಾಂಪಲ್ಲಿ ಎಳೆಯೋರು ಸೆಲ್ಯುಲೋಸ್ ಎಳೆಗಳನ್ನ ಅದರ ಉದ್ದಕ್ಕೆ ಎಳೀತಾರೆ, ಸೆಲ್ಯುಲೋಸ್ ಹರಳಿನ ಮಾಡ್ಯುಲಸ್ಸೇ 100 ಗಿಗಾಪಾಸ್ಕಲ್ ಮೇಲಿದೆ. ನಾವು ಸೂಜೀಲಿ ಒತ್ತೋದು ಗೋಡೆಗೆ ಲಂಬವಾಗಿ, ಅಲ್ಲಿ ಪದರ ಪದರದ ಮಧ್ಯೆ ಪೆಕ್ಟಿನ್ ಜೆಲ್ ಕೂತಿದೆ, ಸೂಜಿಗೆ ಸಿಗೋದು ಅದೇ. ವಸ್ತು ಒಂದೇ, ದಿಕ್ಕು ಬೇರೆ. ಎರಡು ನಂಬರೂ ಸುಳ್ಳಲ್ಲ, ಒಂದರ ಪಕ್ಕ ಇನ್ನೊಂದನ್ನ ಇಟ್ಟು ಹೋಲಿಸೋದೇ ತಪ್ಪು.

ಈಗ ಒಂದು ಅಳತೆ ಹೆಂಗೆ ನಡಿಯತ್ತೆ ಅಂತ ನೋಡಿ. ಮೊದ್ಲು ಕ್ಯಾಂಟಿಲಿವರ್ (ಸೂಜಿ ಹೊತ್ತಿರೋ ಪುಟ್ಟ ಪಟ್ಟಿ) ಕ್ಯಾಲಿಬ್ರೇಟ್ ಮಾಡ್ಬೇಕು, ಗಾಜು ಅಥವಾ ನೀಲಮಣಿ ತುಂಡಿನ ಮೇಲೆ ಒತ್ತಿ ಲೇಸರ್ ಎಷ್ಟು ಅಲ್ಲಾಡ್ತು ಅಂದ್ರೆ ಎಷ್ಟು ನ್ಯಾನೋಮೀಟರ್ ಅಂತ ಗುರುತು ಹಾಕ್ಬೇಕು, ಆಮೇಲೆ ಅದು ಶಾಖಕ್ಕೆ ತಾನಾಗೇ ನಡುಗೋದನ್ನ ಕೇಳಿ ಸ್ಪ್ರಿಂಗ್ ಕಾನ್ಸ್ಟಂಟ್ ತೆಗೀಬೇಕು. ಆಮೇಲೆ ಸಸಿ. ಅದನ್ನ ಅಲ್ಲಾಡದ ಹಾಗೆ ಕೂರಿಸೋದೇ ಅರ್ಧ ದಿನದ ಕೆಲಸ, ಕೆಳಗಡೆ ಕಡಿಮೆ ಉಷ್ಣದಲ್ಲಿ ಕರಗೋ ಅಗರೋಸ್, ಮೇಲೆ ದ್ರಾವಣ. ಅಗರೋಸ್ ಒಂಚೂರು ಜಾಸ್ತಿ ಏರಿದ್ರೆ ಎಲೆ ಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿರತ್ತೆ, ನೀವು ಖುಷಿಯಾಗಿ ಅಗರೋಸ್‌ನ ಮಾಡ್ಯುಲಸ್ ಅಳೀತಾ ಕೂತಿರ್ತೀರ. ಸಸಿ ಜೀವಂತ ಅಲ್ವಾ, ಅಳೀತಾ ಇರೋವಾಗ್ಲೇ ಬೆಳೀತಾ ಇರತ್ತೆ, ಡ್ರಿಫ್ಟ್ ಯಂತ್ರದ್ದೋ ಗಿಡದ್ದೋ ಅಂತ ಗೊತ್ತಾಗಲ್ಲ.

ಬಲಕ್ಕೂ ಆಳಕ್ಕೂ ಇರೋ ಕರ್ವ್ ಬಂತು ಅಂದ್ಕೊಳ್ಳಿ. ಅದಕ್ಕೆ ಹರ್ಟ್ಸ್ ಮಾಡೆಲ್ ಹಾಕ್ತಾರೆ, ಬಲ ಆಳದ 1.5 ಘಾತಕ್ಕೆ ಏರತ್ತೆ ಅಂತ. ಹರ್ಟ್ಸ್ ಲೆಕ್ಕದಲ್ಲಿ ವಸ್ತು ಕೆಳಗೆ ಅನಂತ ಆಳ ಇದೆ, ಮೇಲ್ಮೈ ಸಪಾಟು, ಎಲ್ಲಾ ದಿಕ್ಕಲ್ಲೂ ಒಂದೇ ಥರ. ನಮ್ಮ ಹತ್ರ ಇರೋದು ಒಳಗೆ ಒತ್ತಡ ತುಂಬಿರೋ, ಉಬ್ಬಿದ, ಎಳೆ ಹಾಸಿರೋ ತೆಳು ಪೊರೆ. ಒಂದಾದ್ರೂ ಹೊಂದತ್ತಾ? 100 ನ್ಯಾನೋಮೀಟರ್ ಒಳಗೆ, ಅಂದ್ರೆ ಗೋಡೆ ದಪ್ಪಕ್ಕಿಂತ ಕಮ್ಮಿ ಒತ್ತಿದ್ರೆ ಒಂದು ಮಟ್ಟಿಗೆ ಗೋಡೆ ಬಗ್ಗೆ ಹೇಳ್ಬಹುದು. ಮೈಕ್ರೋಮೀಟರ್ ಆಳ ಒತ್ತಿದ್ರೆ ಟರ್ಗರ್ ಮಾತಾಡೋಕೆ ಶುರು ಮಾಡತ್ತೆ. ಕೋಶದ ಅಂಚಲ್ಲಿ ಮೇಲ್ಮೈ ಇಳಿಜಾರು, ಅಲ್ಲಿ ಸೂಜಿ ಜಾರಿ ನಂಬರ್ ಬೇರೆ ಬರತ್ತೆ, ಕಲರ್ ಮ್ಯಾಪಲ್ಲಿ ಅಂಚುಗಳು ಎಷ್ಟು ಚೆನ್ನಾಗಿ ಹೊಳೀತವೆ ಅಂದ್ರೆ ಹೊಸಬರು ಅದನ್ನೇ ಬಯಾಲಜಿ ಅಂದ್ಕೊಂಡು ಬಿಡ್ತಾರೆ. ನನ್ನ ಮಟ್ಟಿಗೆ, ಜೊತೇಲಿ ಎತ್ತರದ ಮ್ಯಾಪ್ ಇಲ್ದಿರೋ ಮಾಡ್ಯುಲಸ್ ಮ್ಯಾಪನ್ನ ನಾನು ಓದೋದೇ ಇಲ್ಲ.

ಹೊಸಚಿಗುರು:
ಅಯ್ಯೋ. ಹಾಗಾದ್ರೆ ಟರ್ಗರ್ ತೆಗೆದು ಬಿಟ್ಟು ಬರೀ ಗೋಡೆ ಅಳೀಬಹುದಲ್ವಾ?

ಸೂಜಿಮೊನೆ:
ಅಳೀತೀವಿ. ಮ್ಯಾನಿಟಾಲ್ ಹಾಕ್ತೀವಿ, ಸಕ್ಕರೆ ಥರದ ವಸ್ತು, ಕೋಶದಿಂದ ನೀರು ಹೊರಗೆಳೆಯತ್ತೆ. 0.4 ಮೋಲಾರ್ ದ್ರಾವಣದ ಆಸ್ಮಾಟಿಕ್ ಒತ್ತಡ ಲೆಕ್ಕ ಹಾಕಿ, ಕೋಣೆ ಉಷ್ಣದಲ್ಲಿ ಹತ್ರ ಹತ್ರ 1 ಮೆಗಾಪಾಸ್ಕಲ್ ಬರತ್ತೆ, ಬಹಳಷ್ಟು ಕೋಶಗಳ ಟರ್ಗರ್ ಅದಕ್ಕೆ ಸೊನ್ನೆ ಆಗಿ ಪೊರೆ ಗೋಡೆ ಬಿಟ್ಟು ಒಳಗೆ ಸರಿಯತ್ತೆ. ಆದ್ರೆ ಟರ್ಗರ್ ಹೋದ ತಕ್ಷಣ ಗೋಡೆಯ ಎಳೆತನೂ ಹೋಯ್ತು. ಎಳೆದು ನಿಲ್ಲಿಸಿದ ಗೋಡೆಗೂ ಸಡಿಲ ಗೋಡೆಗೂ ಮಾಡ್ಯುಲಸ್ ಒಂದೇ ಅಲ್ಲ, ಅದು ಲೀನಿಯರ್ ವಸ್ತು ಅಲ್ವೇ ಅಲ್ಲ. ಹಾಗಾಗಿ ನೀವು ಅಳೆದಿದ್ದು ಗಿಡ ಬದುಕ್ತಾ ಇರೋ ಸ್ಥಿತೀಲಿ ಇರೋ ಗೋಡೇನ ಅಲ್ಲ. ಎರಡೂ ಅಳೆದು ಎರಡೂ ಹಾಕಿ, ಅಷ್ಟೇ ನಾನು ಹೇಳೋದು.

ಟರ್ಗರ್ ನೇರವಾಗಿ ಅಳೆಯೋಕೆ ಪ್ರೆಶರ್ ಪ್ರೋಬ್ ಇದೆ, ಹ್ಯುಸ್ಕೆನ್, ಸ್ಟ್ಯೂಡ್ಲೆ, ಜಿಮ್ಮರ್‌ಮನ್ 1978ರಲ್ಲಿ ಮಾಡಿದ ವಿನ್ಯಾಸ: ಸಿಲಿಕೋನ್ ಎಣ್ಣೆ ತುಂಬಿದ ಗಾಜಿನ ಸೂಜಿ ಕೋಶಕ್ಕೆ ಚುಚ್ಚಿದಾಗ ಕೋಶದ ರಸ ಒಳಗೆ ನುಗ್ಗತ್ತೆ, ಎಣ್ಣೆ ರಸ ಸೇರೋ ಗೆರೇನ ವಾಪಸ್ ತಳ್ಳೋಕೆ ಎಷ್ಟು ಒತ್ತಡ ಬೇಕೋ ಅದೇ ಟರ್ಗರ್. ದೊಡ್ಡ ಕೋಶಕ್ಕೆ ಚಿನ್ನದಂಥ ವಿಧಾನ. ಮೆರಿಸ್ಟೆಮ್ ಕೋಶ 5 ಮೈಕ್ರೋಮೀಟರ್ ಆಸುಪಾಸು ಇರತ್ತೆ, ಅಲ್ಲಿ ಚುಚ್ಚಿದ್ರೆ ಕೋಶವೇ ಇರಲ್ಲ.

ರಾತ್ರಿಪಾಳಿ:
ಎಲ್ರೂ ಫಿಸಿಕ್ಸ್ ಹೇಳ್ತಿದೀರಿ, ಗಿಡ ಬೆಳೆಸೋದು ಯಾರು ಸ್ವಾಮಿ? ನಾನು ಇದೇ ಥರದ ಲ್ಯಾಬಲ್ಲಿ ಪಿಎಚ್‌ಡಿ ಮಾಡ್ತಿದೀನಿ, ದಿನಚರಿ ಕೇಳಿದ್ರಲ್ಲ, ಹೇಳ್ತೀನಿ.

ಬೀಜನ ತೊಳೆದು ಕ್ರಿಮಿ ಸಾಯ್ಸಿ, ಮುರಾಶಿಗೆ ಸ್ಕೂಗ್ ಮೀಡಿಯಂ ಇರೋ ಅಗರ್ ಪ್ಲೇಟ್ ಮೇಲೆ ಒಂದೊಂದಾಗಿ ಇಡ್ಬೇಕು, ಅರಬಿಡಾಪ್ಸಿಸ್ (ಲ್ಯಾಬ್‌ಗಳಲ್ಲಿ ಬಳಸೋ ಪುಟ್ಟ ಗಿಡ) ಬೀಜ ಅರ್ಧ ಮಿಲಿಮೀಟರ್ ಇರತ್ತೆ ಅಷ್ಟೇ, ಕೈ ನಡುಗೋರಿಗೆ ಆಗಿ ಬರಲ್ಲ. 4 ಡಿಗ್ರೀಲಿ ಕತ್ತಲಲ್ಲಿ ಎರಡು ಮೂರು ದಿನ ಇಟ್ಟು ಆಮೇಲೆ ಬೆಳಕಿಗೆ, ಎಲ್ಲಾ ಒಟ್ಟಿಗೆ ಮೊಳಕೆ ಒಡೀಲಿ ಅಂತ. ಹೈಪೋಕಾಟಿಲ್ (ಸಸಿಯ ಎಳೇ ಕಾಂಡ) ಬೇಕು ಅಂದ್ರೆ ಕತ್ತಲಲ್ಲೇ ಬೆಳೆಸ್ಬೇಕು. ಅದು ಸೊಗಸಾದ ವಸ್ತು, ಬುಡದಿಂದ ತುದಿವರೆಗೆ ಒಂದು ಸಾಲಲ್ಲಿ ಸುಮಾರು 20 ಕೋಶ, ವಿಭಜನೆ ಬಹುತೇಕ ಇಲ್ಲ, ಇರೋ ಕೋಶಗಳೇ ಉದ್ದ ಆಗ್ತಾ ಹೋಗತ್ತೆ. ಬೆಳವಣಿಗೆ ಮಾತ್ರ ನೋಡ್ಬೇಕು ಅನ್ನೋರಿಗೆ ಇದಕ್ಕಿಂತ ಚೊಕ್ಕದು ಸಿಗಲ್ಲ.

ಟೈಮ್‌ಲ್ಯಾಪ್ಸ್ ಇದ್ರೆ 12 ಗಂಟೆಗೊಂದು ಸಲ ಕಾನ್ಫೋಕಲ್ ಮೈಕ್ರೋಸ್ಕೋಪ್ ಅಡಿ ಇಡ್ಬೇಕು, ಬೆಳಿಗ್ಗೆ 9ಕ್ಕೆ ಒಂದು ಅಂದ್ರೆ ರಾತ್ರಿ 9ಕ್ಕೆ ಇನ್ನೊಂದು, ಬುಕಿಂಗ್ ಸಿಗೋದೂ ರಾತ್ರೀನೇ. ಪ್ರೊಪಿಡಿಯಂ ಅಯೊಡೈಡ್ ಅನ್ನೋ ಬಣ್ಣ ಹಾಕಿದ್ರೆ ಗೋಡೆಗಳು ಬಲೆ ಬಲೆಯಾಗಿ ಕಾಣ್ಸತ್ತೆ, ಸತ್ತ ಕೋಶ ಇದ್ರೆ ಅದರ ನ್ಯೂಕ್ಲಿಯಸ್ ಒಳಗಿಂದ ಕೆಂಪಗೆ ಹೊಳೆಯತ್ತೆ, ಅದು ಕಂಡ್ರೆ ಸ್ಯಾಂಪಲ್ ಹೋಯ್ತು ಅಂತ ಅರ್ಥ. ಮೆರಿಸ್ಟೆಮ್ ಬೇಕು ಅಂದ್ರೆ ಮೈಕ್ರೋಸ್ಕೋಪ್ ಅಡಿ ಫೋರ್ಸೆಪ್ಸಲ್ಲಿ ಮೊಗ್ಗುಗಳನ್ನ ಒಂದೊಂದಾಗಿ ಕಿತ್ತು ತೆಗೀಬೇಕು, ಕೊನೇ ಎರಡು ಮೊಗ್ಗು ಉಳಿದಾಗ ಉಸಿರು ಹಿಡ್ಕೊಂಡಿರ್ತೀವಿ. ಆಮೇಲೆ ಕಂಪ್ಯೂಟರಲ್ಲಿ ಪ್ರತಿ ಕೋಶನೂ ಗುರುತು ಮಾಡಿ, ನಿನ್ನೆಯ ಈ ಕೋಶ ಇವತ್ತಿನ ಯಾವ ಕೋಶ ಅಂತ ಜೋಡಿಸ್ಬೇಕು. ಮಾರ್ಫೋಗ್ರಾಫ್‌ಎಕ್ಸ್ ಸಾಫ್ಟ್‌ವೇರ್ ಬಹಳಷ್ಟು ಮಾಡಿ ಕೊಡತ್ತೆ, ಆದ್ರೆ ತಪ್ಪು ತಿದ್ದೋಕೆ ಮನುಷ್ಯ ಬೇಕೇ ಬೇಕು.

ಮತ್ತೊಂದು ಮುಖ್ಯವಾದ ವಿಷಯ, ಗಿಡನ ಮುಟ್ಟಿದ್ರೆ ಗಿಡ ಬದಲಾಗತ್ತೆ. ಬ್ರಾಮ್ ಮತ್ತೆ ಡೇವಿಸ್ ಗಿಡಕ್ಕೆ ಹಾರ್ಮೋನ್ ಸಿಂಪಡಿಸಿ ಯಾವ ಜೀನ್ ಏಳತ್ತೆ ಅಂತ ಹುಡುಕ್ತಾ ಇದ್ರು, ಕಂಟ್ರೋಲ್ ಗಿಡಕ್ಕೆ ಬರೀ ನೀರು ಸಿಂಪಡಿಸಿದ್ರೂ ಅದೇ ಜೀನ್‌ಗಳು ಎದ್ವು. ಹಾರ್ಮೋನ್ ಅಲ್ಲ, ಸ್ಪರ್ಶ. 1990ರ ಪೇಪರ್ ಅದು, ಆ ಜೀನ್‌ಗಳಿಗೆ ಟಚ್ ಜೀನ್ ಅಂತಲೇ ಹೆಸರು ಬಂತು. ಹಾಗಾಗಿ ನಮ್ಮಲ್ಲಿ ಕಂಟ್ರೋಲ್ ಅಂದ್ರೆ ಶೆಲ್ಫಲ್ಲಿ ಆರಾಮಾಗಿ ನಿಂತ ಗಿಡ ಅಲ್ಲ, ಎತ್ತಿ, ಒಯ್ದು, ನೀರಲ್ಲಿ ಮುಳುಗಿಸಿ, ಲೇಸರ್ ತೋರ್ಸಿ, ಸೂಜಿ ಮಾತ್ರ ತಾಗಿಸದೆ ವಾಪಸ್ ತಂದ ಗಿಡ. ಇಷ್ಟು ಕೆಲಸಕ್ಕೆ ಗ್ರಾಫಲ್ಲಿ ಒಂದು ಬೂದು ಬಣ್ಣದ ಬಾರ್ ಬರತ್ತೆ.

ನೇರಪ್ರಶ್ನೆ:
ಹೊರಗಿನೋನು ನಾನು, ಓದ್ತಾ ಇದೀನಿ. ಗೋಡೆ ಹಿಗ್ಗತ್ತೆ, ಒತ್ತಡ ಇದೆ, ಸರಿ. ಆದ್ರೆ ಸ್ಟ್ರೆಸ್ ಅನ್ನೋದೇ ಒಂದು ಸಂದೇಶ, ಗಿಡ ಅದನ್ನ "ಓದತ್ತೆ" ಅಂತ ಎಲ್ಲೋ ನೋಡಿದ್ದೆ. ಇದು ನಿಜಾನಾ, ಅಥವಾ ಎರಡು ಚಿತ್ರ ಪಕ್ಕ ಪಕ್ಕ ಇಟ್ಟು ಹೇಳೋ ಕಥೆನಾ?

ಎಲೆಮರೆಕಾಯಿ:
ನಿಜ, ಮತ್ತೆ ಇನ್ನೂ ಅರ್ಧ. 2008ರಲ್ಲಿ ಹಾಮಾಂ ಮತ್ತೆ ಜೊತೆಗಾರರು ಮೆರಿಸ್ಟೆಮಲ್ಲಿ ಮೈಕ್ರೋಟ್ಯೂಬ್ಯೂಲ್‌ಗಳು ಅತಿ ಹೆಚ್ಚು ಎಳೆತ ಇರೋ ದಿಕ್ಕಿಗೇ ಸಾಲುಗಟ್ಟತ್ತೆ ಅಂತ ತೋರಿಸಿದ್ರು. ಬರೀ ಚಿತ್ರ ಅಲ್ಲ, ಲೇಸರಲ್ಲಿ ಒಂದು ಕೋಶ ಸುಟ್ರೆ ಅದರ ಸುತ್ತ ಸ್ಟ್ರೆಸ್ ವೃತ್ತಾಕಾರ ಆಗತ್ತೆ, ನಿಮಗೆ ಪ್ಲೇಟಲ್ಲಿ ತೂತು ಮಾಡಿದ ಲೆಕ್ಕ ಗೊತ್ತಿರತ್ತಲ್ಲ ಹೊಸಚಿಗುರು, ಅದೇ. ಕೆಲವು ಗಂಟೆಯಲ್ಲಿ ಮೈಕ್ರೋಟ್ಯೂಬ್ಯೂಲ್‌ಗಳೂ ಆ ಗಾಯದ ಸುತ್ತ ವೃತ್ತಾಕಾರ ತಿರುಗಿ ನಿಲ್ಲತ್ತೆ. ಮೈಕ್ರೋಟ್ಯೂಬ್ಯೂಲ್ ಕತ್ತರಿಸೋ ಕಟಾನಿನ್ ಅನ್ನೋ ಪ್ರೋಟೀನ್ ಕೆಟ್ಟಿರೋ ಗಿಡದಲ್ಲಿ ಈ ತಿರುಗೋದು ನಿಧಾನ ಆಗತ್ತೆ. ಮೈಕ್ರೋಟ್ಯೂಬ್ಯೂಲ್ ತಿರುಗಿದ್ರೆ ಸೆಲ್ಯುಲೋಸ್ ತಿರುಗತ್ತೆ, ಎಳೆತ ಇರೋ ದಿಕ್ಕಲ್ಲೇ ಗೋಡೆ ಬಲ ಆಗತ್ತೆ, ಬಲ ಆದ್ರೆ ಬೆಳವಣಿಗೆಯ ದಿಕ್ಕು ಬದಲಾಗತ್ತೆ, ಅದರಿಂದ ಮತ್ತೆ ಸ್ಟ್ರೆಸ್ ಬದಲಾಗತ್ತೆ. ಸುತ್ತು ಪೂರ್ತಿ ಆಯ್ತು.

ಅರ್ಧ ಅಂದಿದ್ದು ಯಾಕೆ ಅಂದ್ರೆ ಎಳೆತನ ಮೊದಲು ಗ್ರಹಿಸೋದು ಯಾರು ಅನ್ನೋದು ಇನ್ನೂ ಜಗಳದಲ್ಲೇ ಇದೆ. ಫೆರೋನಿಯ ಅನ್ನೋ ರಿಸೆಪ್ಟರ್ ಇದೆ, ಪೊರೇಲಿ ಎಳೆತಕ್ಕೆ ತೆರೆಯೋ ಓಎಸ್‌ಸಿಎ, ಎಂಎಸ್‌ಎಲ್ ಚಾನಲ್‌ಗಳಿವೆ, ಮೈಕ್ರೋಟ್ಯೂಬ್ಯೂಲ್ ತಾನೇ ಗ್ರಹಿಸತ್ತೆ ಅನ್ನೋರೂ ಇದಾರೆ. ಎಲ್ರೂ ಸ್ವಲ್ಪ ಸ್ವಲ್ಪ ಸರಿ ಇರ್ಬಹುದು ಅಂತ ನನ್ನ ಗುಮಾನಿ.

ಗೋಡೆಹುಳ:
ಗಾಯ ಮಾಡಿದ್ರ ಸ್ಟ್ರೆಸ್ ಒಂದ ಬದಲಾಗೂದಿಲ್ಲರಿ, ಕ್ಯಾಲ್ಸಿಯಂ ಏಳ್ತದ, ಪಕ್ಕದ ಕೋಶದಿಂದ ರಸ ಸೋರ್ತದ, ಹಾರ್ಮೋನ್ ಹರೀತದ. ಅದಕ್ಕ ನಾ ಯಾವಾಗಲೂ ಗಾಯ ಇಲ್ಲದ ಎಳೆಯೋ, ಅಮುಕೋ ಪ್ರಯೋಗನೂ ಜೋಡಿ ತೋರಿಸ್ರಿ ಅಂತೇನಿ. ಅವರೂ ಒತ್ತಿ ನೋಡ್ಯಾರ, ಇಲ್ಲ ಅನ್ನಂಗಿಲ್ಲ, ಆದ್ರ ಎಲ್ಲಾರೂ ಮಾಡಂಗಿಲ್ಲ.

ಮತ್ತ ಎಲಿಯ ಮ್ಯಾಲಿನ ಪಜಲ್ ಕೋಶದ ಜಗಳ ಹೇಳ್ರಿ ಅವರಿಗೆ, ಛಂದ ಐತಿ ಅದು.

ಸಮೀಕರಣಪ್ರಿಯ:
ನಾ ಹೇಳ್ತೀನಿ. ಎಲೆ ಹೊರ ಪದರದ ಕೋಶಗಳು ಅಂಕುಡೊಂಕಾಗಿ ಒಂದರೊಳಗೊಂದು ಸಿಕ್ಕಿಕೊಂಡಿರತ್ತೆ. ಯಾಕೆ? ಸಪಾಟಾದ ಹೊರ ಗೋಡೇಲಿ ಸ್ಟ್ರೆಸ್ ಎಷ್ಟಾಗತ್ತೆ ಅನ್ನೋದು ಆ ಕೋಶದ ಒಳಗೆ ಹಿಡಿಯೋ ಅತಿ ದೊಡ್ಡ ವೃತ್ತದ ಮೇಲೆ ನಿಂತಿದೆ. ಕೋಶ ಉದ್ದುದ್ದ ಬೆಳೆದ್ರೆ ಆ ವೃತ್ತ ಸಣ್ಣದಾಗೇ ಇರತ್ತೆ, ಬೇರು ಕಾಂಡದಲ್ಲಿ ಹಾಗೇ ಇದೆ. ಎಲೆ ಎಲ್ಲಾ ದಿಕ್ಕಿಗೂ ಬೆಳೀಬೇಕು, ಕೋಶ ದುಂಡಗೆ ದೊಡ್ಡದಾದ್ರೆ ಗೋಡೆ ತಡೆಯಲ್ಲ, ಅದಕ್ಕೇ ಕೈ ಕಾಲು ಚಾಚಿ ಬೆಳೆದ್ರೆ ಜಾಗನೂ ಸಿಕ್ತು ವೃತ್ತನೂ ಸಣ್ಣದಾಯ್ತು. 2018ರಲ್ಲಿ ಸಪಾಲ ಮತ್ತಿತರರು ಇದನ್ನ ಮಾಡೆಲ್ ಮತ್ತೆ ಹಲವಾರು ಜಾತಿ ಗಿಡಗಳ ಅಳತೆ ಎರಡರಲ್ಲೂ ತೋರಿಸಿದ್ರು. ಇದು "ಯಾಕೆ"ಗೆ ಉತ್ತರ. "ಹೆಂಗೆ" ಅನ್ನೋದಕ್ಕೆ 2020ರಲ್ಲಿ ಒಂದು ಪೇಪರ್ ಬಂದು, ಪಕ್ಕದ ಗೋಡೆಯ ಪೆಕ್ಟಿನ್ ಎಳೆಗಳೇ ಮೀಥೈಲ್ ಕಳ್ಕೊಂಡು ಉಬ್ಬಿ ಗೋಡೇನ ಬಗ್ಗಿಸತ್ತೆ, ಟರ್ಗರ್ ಮುಖ್ಯ ಅಲ್ಲ ಅಂತು. ಕೂಡಲೇ ಕಾಸ್‌ಗ್ರೋವ್ ಮತ್ತೆ ಆಂಡರ್ಸನ್ ಇದು ನಿಲ್ಲಲ್ಲ ಅಂತ ಬರೆದ್ರು. ನಾನು ಎರಡನೇ ಪಕ್ಷ. 0.5 ಮೆಗಾಪಾಸ್ಕಲ್ ಒಳಗಿಂದ ತಳ್ತಾ ಇರೋವಾಗ ಅದನ್ನ ಲೆಕ್ಕಕ್ಕೇ ತಗೊಳ್ದೆ ಆಕಾರ ಬಂತು ಅಂತ ನನಗೆ ನಂಬೋಕಾಗಲ್ಲ.

ಆದ್ರೆ ಮಾಡೆಲ್ ಮಾಡೋರ ಬಗ್ಗೆನೂ ಎಚ್ಚರ ಇರ್ಲಿ. ಫೈನೈಟ್ ಎಲಿಮೆಂಟಲ್ಲಿ ನಾಕು ಪ್ಯಾರಾಮೀಟರ್ ಕೊಟ್ರೆ ಯಾವ ಎಲೆ ಆಕಾರ ಬೇಕಾದ್ರೂ ತಂದು ತೋರ್ಸ್ತೀವಿ. ಮಾಡೆಲ್ ಒಳ್ಳೇದು ಅನ್ನಿಸ್ಕೊಳ್ಳೋದು ಅದು ಹೇಳಿದ ಹಾಗೆ ಆಗ್ದೇ ಇರೋ ಒಂದು ಪ್ರಯೋಗನ ಅದೇ ಮುಂಚೆ ಹೆಸರಿಸಿದಾಗ.

ಹೊಸಚಿಗುರು:
ನಂಬರ್ ಬಗ್ಗೆ ಇದ್ದ ಭಯ ಹೋಯ್ತು, ಬೇರೆ ಭಯ ಬಂತು. ಗೈಡ್ ಜೊತೆ ಮುಂದಿನ ಮಾತುಕತೇಲಿ ಏನು ಕೇಳ್ಲಿ?

ರಾತ್ರಿಪಾಳಿ:
ಎಂಜಿನಿಯರಿಂಗಿಂದ ಬಂದೋರಿಗೆ ಒಂದೇ ಅಪಾಯ, ಯಂತ್ರಕ್ಕೆ ಕಟ್ಟಿ ಹಾಕಿ ಬಿಡ್ತಾರೆ. ಬೇರೆಯವರ ಮ್ಯೂಟೆಂಟ್ ತಂದು ಕೊಡ್ತಾರೆ, ನೀವು ಅಳೆದು ಕೊಡ್ತೀರ, ಪೇಪರಲ್ಲಿ ನಿಮ್ಮ ಹೆಸರು ಮಧ್ಯದಲ್ಲಿ ಎಲ್ಲೋ ಇರತ್ತೆ. ನನಗೆ ಗೊತ್ತಿರೋ ಒಬ್ರು ಹೀಗೇ ವರ್ಷಗಳನ್ನ ಕಳೆದ್ರು, ಸ್ವಂತ ಪ್ರಶ್ನೆ ಅಂತ ಒಂದೂ ಇರ್ಲಿಲ್ಲ. ಅದಕ್ಕೆ ನೇರವಾಗಿ ಕೇಳಿ, ನನ್ನ ಪ್ರಶ್ನೆ ಯಾವುದು, ಗಿಡ ಬೆಳೆಸೋದು ನನಗೆ ಯಾರು ಕಲಿಸ್ತಾರೆ, ಎಎಫ್‌ಎಂ ಲ್ಯಾಬಿಂದಾ ಅಥವಾ ಹಂಚ್ಕೊಂಡು ಬಳಸೋದಾ, ಅದು ಕೆಟ್ರೆ ಯಾರು ನೋಡ್ತಾರೆ ಅಂತ.

ಸೂಜಿಮೊನೆ:
ಜೊತೆಗೆ ಅವರ ಯಾವ್ದಾದ್ರೂ ಪೇಪರಿನ ಕಚ್ಚಾ ಫೋರ್ಸ್ ಕರ್ವ್ ತೋರ್ಸಿ ಅಂತ ಕೇಳಿ. ಖುಷಿಯಾಗಿ ತೆಗೆದು ತೋರ್ಸಿದ್ರೆ ಒಳ್ಳೇ ಲ್ಯಾಬು. "ಸಾಫ್ಟ್‌ವೇರ್ ಫಿಟ್ ಮಾಡಿ ಕೊಡತ್ತೆ" ಅಂದ್ರೆ ಇನ್ನೊಂದು ಸಲ ಯೋಚ್ನೆ ಮಾಡಿ.

ಎಲೆಮರೆಕಾಯಿ:
ಬಯಾಲಜಿ ಬರಲ್ಲ ಅನ್ನೋದನ್ನ ತಲೇಗೆ ಹಾಕ್ಕೋಬೇಡಿ, ಹೆಸರುಗಳು ಬಂದೇ ಬರತ್ತೆ. ಕಷ್ಟ ಆಗೋದು ಬೇರೆ: ಒಂದೇ ಬೀಜದ ಪೊಟ್ಟಣದಿಂದ ಬಂದ ಎರಡು ಸಸಿ ಒಂದೇ ಥರ ಇರಲ್ಲ, ಒಂದೇ ಎಲೆಯ ಅಕ್ಕಪಕ್ಕದ ಕೋಶಗಳೂ ಒಂದೇ ವೇಗದಲ್ಲಿ ಬೆಳೆಯಲ್ಲ. ಉಕ್ಕಿನ ಸ್ಯಾಂಪಲ್ ನೋಡಿ ಅಭ್ಯಾಸ ಆದೋರು ಮೊದಲ ವರ್ಷ ಇದನ್ನ ನಾಯ್ಸ್ ಅಂತ ಬೈತಾರೆ. ಆ ವ್ಯತ್ಯಾಸನ ಸರಾಸರಿ ತೆಗೆದು ಬಿಸಾಕ್ಬೇಡಿ, ಗ್ರಾಫಲ್ಲಿ ಪ್ರತಿ ಕೋಶದ ಚುಕ್ಕಿನೂ ಹಾಕಿ.

ಮತ್ತೆ ಸೇರೋಕೆ ಮುಂಚೆ ಮನೇಲೇ ಒಂದು ಪ್ರಯೋಗ ಮಾಡಿ. ಟೊಳ್ಳಾದ ಎಳೇ ಹೂ ಕಾಂಡ ಯಾವ್ದಾದ್ರೂ ತಗೊಂಡು ಬ್ಲೇಡಲ್ಲಿ ಉದ್ದಕ್ಕೆ ನಾಕು ಸೀಳು ಮಾಡಿ ನೀರಿಗೆ ಹಾಕಿ. ಸೀಳುಗಳು ಹೊರಕ್ಕೆ ಸುರುಳಿ ಸುತ್ತತ್ತೆ. ಒಳಗಿನ ಅಂಗಾಂಶ ಹಿಗ್ಗೋಕೆ ಕಾಯ್ತಾ ಇರತ್ತೆ, ಹೊರ ಚರ್ಮ ಅದನ್ನ ಹಿಡಿದಿಟ್ಟಿರತ್ತೆ, ಸೀಳಿದಾಗ ಆ ಲೆಕ್ಕ ಬಯಲಾಗತ್ತೆ. ಹಾಫ್‌ಮೈಸ್ಟರ್ ಹತ್ತೊಂಬತ್ತನೇ ಶತಮಾನದಲ್ಲೇ ಇದರ ಬಗ್ಗೆ ಬರೆದಿದಾರೆ. ಆಮೇಲೆ ಅದೇ ಸೀಳನ್ನ ಗಟ್ಟಿ ಉಪ್ಪು ನೀರಿಗೆ ಹಾಕಿ ನೋಡಿ.

ಹೊಸಚಿಗುರು:
ಮಾಡಿದೆ! ನೀರಲ್ಲಿ ಒಂದೆರಡು ನಿಮಿಷಕ್ಕೇ ಸುತ್ಕೊಳ್ತು, ಉಪ್ಪು ನೀರಿಗೆ ಹಾಕಿದ್ರೆ ಸುರುಳಿ ಬಿಚ್ಚಿ ಜೋತು ಬಿತ್ತು. ಬೈಮೆಟಲ್ ಪಟ್ಟಿಯ ಸಮೀಕರಣ ಹಾಕಿ ಎರಡು ಪದರದ ಸ್ಟ್ರೇನ್ ವ್ಯತ್ಯಾಸ ತೆಗೆಯೋಕೆ ನೋಡ್ತಿದೀನಿ. ಆದ್ರೆ ಒಂದು ಸೀಳು ಮಾತ್ರ ಸುತ್ತೋ ಬದ್ಲು ಸ್ಕ್ರೂ ಥರ ತಿರುಚಿಕೊಳ್ತು, ಅದು ಯಾಕೆ?

ಸೂಜಿಮೊನೆ:
ಸೀಳು ನೆಟ್ಟಗೆ ಹೋಗಿಲ್ಲ, ಕಾಂಡದ ಉದ್ದಕ್ಕೆ ಓರೆಯಾಗಿ ಹೋಗಿದೆ. ಹಂಗಾದಾಗ ಹೆಚ್ಚು ಹಿಗ್ಗೋ ದಿಕ್ಕು ಪಟ್ಟಿಯ ಉದ್ದಕ್ಕೆ ಕೋನದಲ್ಲಿ ಕೂರತ್ತೆ, ಬಾಗೋದರ ಜೊತೆ ತಿರುಚೋದೂ ಬರತ್ತೆ. ಕೋನ ಅಳೆದಿಟ್ಕೊಂಡು ಬೇಕಂತಲೇ ಓರೆಯಾಗಿ ಇನ್ನೂ ಕೆಲವು ಸೀಳಿ, ಕೋನಕ್ಕೂ ತಿರುಚಿಗೂ ಗ್ರಾಫ್ ಹಾಕಿ ನೋಡಿ. ಬ್ಲೇಡ್ ಮಾತ್ರ ಹೊಸದು ತಗೊಳ್ಳಿ, ಮೊಂಡಾಗಿದ್ರೆ ಅಂಚಿನ ಕೋಶ ಜಜ್ಜಿ ಹೋಗತ್ತೆ.